ಮೀನಿನ ಹಾರ್ನಿಗೆ ಬರುವ ತೋಳ

ನಮ್ಮ ಮನೆಯ ಜಗಲಿಯಲ್ಲಿ, ಬೇರೆಯವರ ಮನೆಯಲ್ಲಾದರೆ ಹಿರಿಯರ ಭಾವಚಿತ್ರ ತೂಗುವ ಎತ್ತರದಲ್ಲಿ, ಒಂದು ಹಿತ್ತಾಳೆಯ ಹಾರ್ನು ತೂಗುತ್ತಿರುತ್ತದೆ. ಹಿಂದೆ ಕರಿಯ ರಬ್ಬರಿನ ಗಡ್ಡೆ, ಮುಂದೆ ದತ್ತೂರದ ಹೂವಿನಂಥ ಬಾಯಿ. ಅಮುಕಿದರೆ ಮುದಿ ಕೋಣಕ್ಕೆ ನೆಗಡಿಯಾದಂಥ ಧ್ವನಿ. ನಾನು ಮೀನು ಮಾರುವ ಸೈಕಲ್ಲು ಹೋಗಿ ಬೈಕು ಬಂತು, ಬೈಕು ಹೋಗಿ ಟೆಂಪೊ ಬಂತು, ಹಾರ್ನು ಮಾತ್ರ ಅದೇ. ಮಂಜಗುಣಿಯಿಂದ ಅಂಕೋಲೆಯ ಓಣಿಗಳವರೆಗೆ ಇದರ ಸದ್ದು ಕೇಳಿದರೆ ಹೆಂಗಸರು ಒಲೆ ಬಿಟ್ಟು, ಗಂಡಸರು ವೈರಾಗ್ಯ ಬಿಟ್ಟು ಬಾಗಿಲಿಗೆ ಬರುತ್ತಾರೆ. ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಬುದ್ಧಿಮಾತು, ನೀವು ಕೇಳಿಲ್ಲ, ಆದರೂ ಇಟ್ಟುಕೊಳ್ಳಿ: ಮಾಲು ದಿನಕ್ಕೊಂದು ಥರ ಇದ್ದೀತು, ಕರೆಯುವ ಸದ್ದು ಬದಲಾಗಬಾರದು.

ಈ ಸದ್ದಿಗೆ ಒಂದು ಕಾಲದಲ್ಲಿ ತೋಳವೊಂದು ಓಡಿ ಬರುತ್ತಿತ್ತು.

ಸಮುದ್ರದ ದಂಡೆಗೆ ತೋಳವೇ ಎಂದು ಹುಬ್ಬೇರಿಸಬೇಡಿ, ಮಿತ್ರರೇ. ಮೀನು ಗದಗಿಗೆ ಹೋಗಬಹುದಾದರೆ ಗದಗಿನದು ಮಂಜಗುಣಿಗೆ ಬರಬಾರದೇ? ನಮ್ಮ ಪಕ್ಕದ ಮನೆಯ ತುಳಸಕ್ಕನ ಮಗ ಮೀನಿನ ಲಾರಿಯ ಚಾಲಕ. ಒಮ್ಮೆ ಮೀನು ಇಳಿಸಿ ಖಾಲಿ ಬಾಕ್ಸುಗಳ ಜೊತೆ ವಾಪಸು ಬರುವಾಗ, ಆ ಕಡೆಯ ಕುರುಚಲು ಬಯಲಿನಲ್ಲಿ ಯಾರೋ ಕೊಟ್ಟರೆಂದು ಒಂದು ಮರಿಯನ್ನು ತಂದ. ಜಾತಿನಾಯಿ ಎಂದ. ಬೊಗಳುವುದಿಲ್ಲವಲ್ಲೋ ಎಂದರೆ, ಜಾತಿನಾಯಿಗಳು ಸುಮ್ಮಸುಮ್ಮನೆ ಬೊಗಳುವುದಿಲ್ಲ ಎಂದ. ಈ ಮಾತನ್ನು ಇಡೀ ಕೇರಿ ನಂಬಿತು; ದೊಡ್ಡ ಮನುಷ್ಯರೂ ಹಾಗೇ ಇರುವುದನ್ನು ನಾವು ಕಂಡವರಲ್ಲವೇ. ತುಳಸಕ್ಕ ಅದಕ್ಕೆ ರಾಜ ಎಂದು ಹೆಸರಿಟ್ಟು, ಅಂಗಳದಲ್ಲಿ ಒಣಗಲು ಹಾಕಿದ ಮೀನಿಗೆ ಕಾವಲು ಕೂರಿಸಿದಳು. ಮಧ್ಯಾಹ್ನ ನಾನು ಮರಳುವಾಗ ಅವಳ ಬೇಲಿಯ ಬಳಿ ಒಮ್ಮೆ ಹಾರ್ನು ಅಮುಕಿ, ಮಾರಿ ಉಳಿದ ಬಾಂಗಡೆ ಮೀನನ್ನು ರಾಜನಿಗೆ ಎಸೆಯುತ್ತಿದ್ದೆ. ನನ್ನ ಗಿರಾಕಿಗಳಲ್ಲಿ ಚೌಕಾಸಿ ಮಾಡದೆ, ಕಿವಿರು ಎತ್ತಿ ನೋಡದೆ ತೆಗೆದುಕೊಂಡದ್ದು ಅದೊಂದೇ.

ನಾಯಿಗಳಿಗೆ ಚುಚ್ಚುಮದ್ದು ಹಾಕಲು ಬಂದ ಡಾಕ್ಟರಬಾಯಿ ರಾಜನ ಮುಂದೆ ಕುಳಿತು, ಅದರ ಕಾಲು ನೋಡಿ, ಕಣ್ಣು ನೋಡಿ, ಸಿರಿಂಜನ್ನು ಮೆಲ್ಲಗೆ ಪೆಟ್ಟಿಗೆಗೆ ಹಾಕಿದಳು.

"ಅಕ್ಕಾ, ಇದು ನಾಯಿಯಲ್ಲ."

"ಮೂರ್ಹೊತ್ತು ಮೀನ್ ತಿಂದ್ಕಂಡು ಅಂಗಳದಲ್ಲಿ ಬಿದ್ಕಂಡಿರ್ತದೆ," ಎಂದಳು ತುಳಸಕ್ಕ. "ನಾಯಿ ಅಲ್ದಿದ್ರೆ ಎಂತದು, ಅಳಿಯನಾ?"

ಅಳಿಯನಾಗಿದ್ದರೆ ಇಟ್ಟುಕೊಳ್ಳಬಹುದಿತ್ತು. ತೋಳವಾದ್ದರಿಂದ ಅರಣ್ಯದವರು ಜೀಪು ತಂದು ಕರೆದೊಯ್ದರು. ಕದ್ರಾದ ಹಾದಿಯ ಕಾಡಿನಂಚಿನಲ್ಲಿ ಬಲೆಬೇಲಿ ಹಾಕಿ, ಬಿಡುವ ಮುನ್ನ ಬೇಟೆ ಕಲಿಯಲೆಂದು ಅದರೊಳಗೆ ಇಟ್ಟರು. ಕಾಡಿಗೆ ಬಿಡುವುದೆಂದರೆ ಬಾಗಿಲು ತೆರೆದು "ಹೋಗಪ್ಪಾ" ಎನ್ನುವುದು ಎಂದು ನಾನು ತಿಳಿದಿದ್ದೆ. ಎದುರಿಗೇ ಬೇಕಾದಷ್ಟು ಕಾಡಿದೆಯಲ್ಲ, ಜೀಪಿನ ಡೀಸೆಲ್ಲಾದರೂ ಉಳಿಯುತ್ತದೆ ಎಂದು ಪುಕ್ಕಟೆ ಸಲಹೆಯನ್ನೂ ಕೊಟ್ಟೆ. ಇದು ಬಯಲಿನ ಪ್ರಾಣಿ, ನಮ್ಮ ಘಟ್ಟದಲ್ಲಿ ಬಿಟ್ಟರೆ ಚಿರತೆಗೆ ಒಂದು ಹೊತ್ತಿನ ಫಲಾಹಾರ ಎಂದು ಡಾಕ್ಟರಬಾಯಿ ತಿಳಿಸಿ ಹೇಳಿದಳು. ಹಾಗಾದರೆ ಒಂದು ಹೆಣ್ಣು ನೋಡಿ, ಸಂಸಾರ ತಲೆಗೆ ಬಿದ್ದರೆ ತಾನೇ ದಾರಿಗೆ ಬರುತ್ತದೆ ಎಂದೆ. ನಮ್ಮಲ್ಲಿ ಎಲ್ಲ ರೋಗಕ್ಕೂ ಇದೇ ಔಷಧ ತಾನೇ.

"ಮೀನಿನ ಹಾರ್ನು ಕೇಳಿದ ಕೂಡಲೆ ಹೆಂಡತಿಯನ್ನು ಬಿಟ್ಟು ಓಡುವ ಗಂಡನನ್ನು ಯಾವ ಹೆಣ್ಣು ಒಪ್ಪುತ್ತದೆ?" ಎಂದಳು ಅವಳು.

ಆಮೇಲೆ ನಗು ಬಿಟ್ಟು ವಿಷಯ ಹೇಳಿದಳು. ಬೇಟೆಯನ್ನು ರಾಜ ಹೇಗೋ ಕಲಿಯುತ್ತಿದೆ. ರಕ್ತದಲ್ಲಿದ್ದದ್ದು ಮೀನು ತಿಂದರೂ ಹೋಗುವುದಿಲ್ಲ. ತೊಡಕಿರುವುದು ನನ್ನ ಸದ್ದಿನಲ್ಲಿ. ಬೇಲಿಯಾಚೆಯ ರಸ್ತೆಯಲ್ಲಿ ಯಾವ ಮೀನಿನವನು ಹಾರ್ನು ಅಮುಕಿದರೂ ಹಿಡಿದ ಮೊಲವನ್ನು ಬಿಟ್ಟು ಓಡಿ ಬಂದು ಬಾಲ ಅಲ್ಲಾಡಿಸುತ್ತದೆ. ಮುಂದೆ ಇದನ್ನು ಬಿಡಬೇಕಾದ ಗದಗಿನ ಕಡೆಯ ಹಳ್ಳಿಗಳಲ್ಲೂ ಪಾತ್ರೆಯವನು, ಐಸ್‌ಕ್ಯಾಂಡಿಯವನು ಇಂಥದೇ ಹಾರ್ನು ಅಮುಕುತ್ತಾರೆ. ಕುರಿ ಸಾಕಿದ ಹಳ್ಳಿಗೆ ತೋಳವೊಂದು ಹಾಡಹಗಲೇ ಬಾಲ ಅಲ್ಲಾಡಿಸುತ್ತ ನಡೆದು ಬಂದರೆ, ಅದು ಬಾಂಗಡೆಗೆ ಬಂದದ್ದೆಂದು ಯಾರಿಗೆ ಗೊತ್ತಾಗಬೇಕು? ಕೊಡಲಿ ಎತ್ತುವವನು ವಿಚಾರಣೆ ನಡೆಸುವುದಿಲ್ಲ.

"ಈ ಅಭ್ಯಾಸ ಬಿಡಿಸಲು ನೀವು ಬರಬೇಕು," ಎಂದಳು. "ಕಲಿಸಿದ ನಿಮ್ಮ ಹಾರ್ನೇ ಬೇಕು, ನಿಮ್ಮ ಕೈಯೇ ಬೇಕು."

ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಚೌಕಾಸಿಯಲ್ಲಿ ಸೋತೆ. ಹಾರ್ನು ಕೊಡುತ್ತೇನೆ, ನೀವೇ ಅಮುಕಿ ಎಂದೆ; ಆಗದು ಎಂದಳು. ಒಂದು ಸಲ ಸಾಕಲ್ಲ ಎಂದೆ; ಸದ್ದಿಗೆ ಅದು ಬಾರದಾಗುವವರೆಗೆ ಎಂದಳು. ಇಂಥ ಗಿರಾಕಿಯ ಜೊತೆ ವ್ಯವಹಾರ ಮಾಡಬಾರದೆಂದು ಊರಿಗೆಲ್ಲ ಹೇಳುವವನು ನಾನು. ಮರುದಿನ ಕದ್ರಾದ ದಾರಿ ಹಿಡಿದೆ.

ಬೇಲಿಯ ಈಚೆ ನಿಂತು ಅಮುಕಿದೆ. ಗಿಡಗಳ ಮರೆಯಿಂದ ರಾಜ ಬಂತು, ಕಿವಿ ಹಿಂದಕ್ಕೆ ಮಡಚಿ, ಮೈಯೆಲ್ಲ ಬಾಲವಾಗಿ. ಬಲೆಯ ಹತ್ತಿರ ಬರುತ್ತಲೇ ಅಡಗಿ ಕೂತಿದ್ದ ಕಾವಲುಗಾರರು ಎಣ್ಣೆಡಬ್ಬ ಬಡಿದರು, ಪೈಪಿನಿಂದ ನೀರು ಚಿಮ್ಮಿದರು, ಮಣ್ಣಿನ ಹೆಂಟೆ ಎಸೆದರು. ತೋಳ ಎಗರಿ ಹಿಂದೆ ಬಿತ್ತು. ಎದ್ದು ನಿಂತು ನೋಡಿತು, ಡಬ್ಬ ಬಡಿದವರನ್ನಲ್ಲ, ನನ್ನನ್ನು. ತೂಕದ ಬಗ್ಗೆ ಸಂಶಯ ಬಂದು ಹಾಗೆ ನನ್ನನ್ನು ನೋಡಿದವರು ಅಂಕೋಲೆಯಲ್ಲಿ ಎಷ್ಟೋ ಜನ. ಆದರೆ ಅವರೆಲ್ಲ ಮರುದಿನ ಮತ್ತೆ ಬರುವ ಗಿರಾಕಿಗಳು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಇದೂ ಬಂತು. ಅದರ ಮರುದಿನವೂ. ಮೋಸ ಮಾಡಿದವನು ತಾನೇ ನಾಚಿ ನಿಲ್ಲಿಸಿಯಾನು ಎಂದು ನಂಬಿದಂತೆ, ನೀರಿನ ಪೆಟ್ಟು ತಿಂದೂ ತಿಂದೂ ಬಂತು.

ಪ್ರಾಣಿಯನ್ನು ಪಳಗಿಸಲು ಒಂದು ಬಾಂಗಡೆ ಸಾಕು, ಮಿತ್ರರೇ. ಪಳಗಿದ್ದನ್ನು ಬಿಡಿಸಲು ಇಷ್ಟೆಲ್ಲ ಸರಂಜಾಮು. ಹಾಗೆಂದು ತೋಳವನ್ನು ನೋಡಿ ನಗುವ ಯೋಗ್ಯತೆ ನಮಗಿದೆಯೇ? ಯಾವುದೋ ಅಂಗಡಿಯ ರಿಯಾಯಿತಿಗೆ, ಯಾವುದೋ ಪಕ್ಷದ ಮೈಕಿಗೆ ನಾವೂ ಕಿವಿ ಮಡಚಿ ಓಡುವವರೇ. ನಮಗೂ ಆಗಾಗ ನೀರು ಚಿಮ್ಮುತ್ತಾರೆ, ಒರೆಸಿಕೊಂಡು ಮುಂದಿನ ಸದ್ದಿಗೆ ಕಾಯುತ್ತೇವೆ. ನಮ್ಮನ್ನು ಕಾಡಿಗೆ ಬಿಡುವ ಯೋಚನೆ ಯಾರಿಗೂ ಇಲ್ಲ, ಅದೊಂದು ಪುಣ್ಯ.

ಕೊನೆಗೊಂದು ಬೆಳಿಗ್ಗೆ ಅಮುಕಿದೆ, ಏನೂ ಅಲುಗಲಿಲ್ಲ. ಮತ್ತೆ ಅಮುಕಿದೆ. ಬೇಲಿಯ ಆಚೆ ತುದಿಯಲ್ಲಿ ಬೂದುಬಣ್ಣದ್ದೊಂದು ತಲೆಯೆತ್ತಿ, ಸದ್ದು ಬಂದ ಕಡೆಗೆ ಬೆನ್ನು ಮಾಡಿ, ಪೊದೆಯೊಳಗೆ ಸರಿಯಿತು. ಡಾಕ್ಟರಬಾಯಿ ನನ್ನ ಕೈ ಕುಲುಕಿದಳು. ಇಷ್ಟು ವರ್ಷ ಯಾರಾದರೂ ಬರಲಿ ಎಂದು ಅಮುಕಿದವನಿಗೆ, ಯಾರೂ ಬಾರದ್ದಕ್ಕೆ ಅಭಿನಂದನೆ.

ಊರಿಗೆ ಮರಳಿದಾಗ ತುಳಸಕ್ಕ ಬೇಲಿಯ ಬಳಿಯೇ ನಿಂತಿದ್ದಳು. "ಬಂತನಾ ತಮಾ?"

"ಇಲ್ಲ ಅಕ್ಕಾ. ಬರ್ಲಿಲ್ಲ."

"ಒಳ್ಳೇದಾಯ್ತು," ಎಂದಳು. ರಾಜನಿಗೆಂದು ಅಭ್ಯಾಸಬಲದಿಂದ ಎತ್ತಿಟ್ಟಿದ್ದ ಮೀನಿನ ತಲೆಗಳನ್ನು ಕಾಗೆಗಳಿಗೆ ಸುರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ಅದನ್ನು ಬಯಲಿಗೆ ಬಿಟ್ಟಿದ್ದಾರೆ. ಸುದ್ದಿಯೇನೂ ಇಲ್ಲ, ಸುದ್ದಿ ಇಲ್ಲದಿರುವುದೇ ಒಳ್ಳೆಯ ಸುದ್ದಿ ಎನ್ನುತ್ತಾಳೆ ಡಾಕ್ಟರಬಾಯಿ. ನಾನು ದಿನಾ ಬೆಳಿಗ್ಗೆ ಗೂಟದಿಂದ ಹಾರ್ನು ತೆಗೆದು ಓಣಿಗೆ ಹೋಗುತ್ತೇನೆ. ಅಮುಕಿದ ಮೇಲೆ, ಮೊದಲ ಬಾಗಿಲು ತೆರೆಯುವ ಮುನ್ನ, ಒಂದು ಗಳಿಗೆ ಯಾರೂ ಬಾರದಿರಲಿ ಎಂದು ಮನಸ್ಸು ಹೇಳುತ್ತದೆ. ಆಮೇಲೆ ಬಾಕ್ಸಿನಲ್ಲಿ ಐಸು ಕರಗುತ್ತಿರುವುದು ನೆನಪಾಗಿ, ಇನ್ನೊಮ್ಮೆ ಅಮುಕುತ್ತೇನೆ.