ಬಿಳಿ ದಾರದ ಕಟ್ಟು

ಅವಳು ಕೆಲಸಕ್ಕೆ ಸೇರಿದ ಮೂರನೇ ದಿನದಿಂದಲೇ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಮಂಡ್ಯದ ನಮ್ಮ ಕಾಲೇಜಿನ ದಾಖಲೆ ಕೋಣೆಯಲ್ಲಿ ಹದಿನೆಂಟು ವರ್ಷ ಒಬ್ಬಳೇ ಧೂಳು ಕುಡಿದವಳು ನಾನು. ಅವಳೋ ಮದ್ದೂರಿನಿಂದ ಬೆಳಗಿನ ರೈಲಿಗೆ ಬಂದು, ಕೈಚೀಲ ಕುರ್ಚಿಗೆ ನೇತುಹಾಕಿ, ಬಂದವರನ್ನೆಲ್ಲ ‘ತಿಂಡಿ ಆಯ್ತಾ’ ಎಂದು ಮಾತಾಡಿಸುತ್ತಿದ್ದಳು. ಒಂದೇ ತಿಂಗಳಲ್ಲಿ ಜನ ಬಾಗಿಲಲ್ಲಿ ನಿಂತು, ಎದುರಿಗೆ ಕೂತಿದ್ದ ನನ್ನನ್ನೇ, ‘ಮೇಡಮ್ನೋರು ಇಲ್ವಾ?’ ಎಂದು ಕೇಳತೊಡಗಿದರು. ಹಾಗಾದರೆ ನಾನೇನು ಬೀರುವಾ?

ನಮ್ಮ ಕೋಣೆಯಲ್ಲಿ ಎರಡು ಟ್ರಂಕುಗಳಿದ್ದವು. ಮಳವಳ್ಳಿಯ ತಾಲ್ಲೂಕು ಕಚೇರಿ ಎದುರು ಟೈಪ್‌ರೈಟರ್ ಇಟ್ಟುಕೊಂಡು ಜೀವಮಾನವೆಲ್ಲ ಜನರ ಅರ್ಜಿ ಬರೆದುಕೊಟ್ಟ ಒಬ್ಬ ಸಾಹೇಬರವು. ಬರೆದ ಪ್ರತಿಯೊಂದಕ್ಕೂ ಕಾರ್ಬನ್ ಪ್ರತಿ ತೆಗೆದು, ಕೆಲವನ್ನು ಕೆಂಪು, ಕೆಲವನ್ನು ಬಿಳಿ ದಾರದಲ್ಲಿ ಕಟ್ಟಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಕಿರುಗಾವಲಿನಲ್ಲಿರುವ ಅವರ ಮಗಳು ಟ್ರಂಕುಗಳನ್ನು ನಮಗೆ ಒಪ್ಪಿಸಿದ್ದರು. ಒಳಗೆ ಗಂಡನ ಮೇಲಿನ ದೂರು, ದಾಯಾದಿ ಜಗಳ, ಯಾರ ಮಗು ಯಾರದು ಎಂಬ ತಕರಾರು, ಎಲ್ಲವೂ ಹೆಸರು ಸಮೇತ. ಆ ಹೆಸರಿನ ಅರ್ಧ ಜನ ಇನ್ನೂ ಇಲ್ಲೇ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕೂರುತ್ತಾರೆ. ಅದಕ್ಕೇ ನಾನು ನಿಯಮ ಬರೆದು ಗೋಡೆಗೆ ಅಂಟಿಸಿದ್ದೆ: ಒಂದೊಂದು ಹಾಳೆಯನ್ನೂ ಓದಿ ಪಟ್ಟಿ ಮಾಡುವವರೆಗೆ ಈ ಟ್ರಂಕುಗಳನ್ನು ಯಾರಿಗೂ ತೋರಿಸುವುದಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು.

ಸಾಹೇಬರ ಮಗಳು ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದರು. ಎರಡು ವರ್ಷದಿಂದ ಅವರಿಗೆ ನಾನು ‘ಮೇಡಂ’. ಇವಳು ಅವರ ಎರಡನೇ ಭೇಟಿಗೇ ‘ಬೇಟಿ’, ಅಂದರೆ ಮಗಳೇ ಆಗಿಬಿಟ್ಟಳು. ಒಂದು ಭಾನುವಾರ ಕಿರುಗಾವಲಿಗೆ ಊಟಕ್ಕೂ ಹೋಗಿಬಂದಳು. ನನ್ನನ್ನು ಯಾರೂ ಒಂದು ಲೋಟ ನೀರಿಗೂ ಕರೆದಿರಲಿಲ್ಲ. ಸೋಮವಾರ ಅವಳು ಉತ್ಸಾಹದಿಂದ, “ಅಕ್ಕ, ಆ ಕಟ್ಟುಗಳ ದಾರದ ವಿಷ್ಯ ಗೊತ್ತಾಯ್ತು” ಎಂದಳು.

“ಬರೆದಿಡಮ್ಮ, ಪುರುಸೊತ್ತಾದಾಗ ನೋಡ್ತೀನಿ” ಎಂದೆ.

ಬರೆದು, ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟಳು. ನಾನು ಅದರ ಮೇಲೆ ನೀರಿನ ಬಾಟಲಿ ಇಡುತ್ತಿದ್ದೆ.

ಆಮೇಲೆ ಕೆರಗೋಡಿನಿಂದ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿ, ಚಿಕ್ಕಮ್ಮನ ಕೈಯಲ್ಲಿ ಬೆಳೆದವಳು. ತಾಯಿ ಮಳವಳ್ಳಿಯಲ್ಲಿ ಏನೋ ಅರ್ಜಿ ಬರೆಸಿದ್ದಳೆಂದು ಯಾರೋ ಹೇಳಿದ್ದರಂತೆ. “ನಮ್ಮವ್ವಂದು ಅಂತ ಒಂದು ಫೋಟೋನೂ ಇಲ್ಲ ಕಣಮ್ಮ. ಅವ್ವ ಆಡಿರೋ ನಾಕು ಮಾತಾದ್ರೂ ಓದ್ತೀನಿ” ಎಂದಳು. ಹೇಳಿದ್ದು ನನಗಲ್ಲ, ನಮ್ಮ ಮದ್ದೂರಿನವಳಿಗೆ.

“ಅಕ್ಕ, ಮೊದ್ಲು ನಾವಿಬ್ರೇ ಓದಿ ನೋಡೋಣ್ವಾ? ಯಾರ್ಗೂ ನೋವಾಗಲ್ಲ ಅನ್ನಿಸಿದ್ರೆ ಆ ಒಂದು ಹಾಳೆ ತೋರ್ಸೋಣ” ಎಂದಳು ಇವಳು. ಸರಿಯಾದ ಮಾತೇ. ಅವಳ ಬಾಯಿಂದ ಬಂತಲ್ಲ ಎಂಬುದೇ ನನ್ನ ತಕರಾರು. ಗೋಡೆ ತೋರಿಸಿದೆ. ಕೆರಗೋಡಿನವಳು ಇವಳ ಕೈ ಹಿಡಿದುಕೊಂಡು, “ನೀವಾದ್ರೂ ಒಂದು ಮಾತು ಯೋಳಿ ಮೇಡಂ” ಎಂದು ಅಂಗಲಾಚಿದಳು. ಇವಳು, “ಅಕ್ಕ ಹೇಳಿದ್ಮೇಲೆ ಆಯ್ತಮ್ಮ, ಸ್ವಲ್ಪ ತಡೀರಿ” ಎಂದು ಸಮಾಧಾನ ಮಾಡಿ ಕಳಿಸಿದಳು. ನಿರಾಕರಿಸಿದ್ದು ನಾನು, ಒಳ್ಳೆಯವಳಾದವಳು ಅವಳು!

ಮುಂದಿನ ಶನಿವಾರ ಅವಳಿಗೆ ರಜೆ. ನಾನು ಕೆರಗೋಡಿಗೆ ಫೋನ್ ಮಾಡಿ ಆ ಹೆಂಗಸನ್ನು ಕರೆಸಿದೆ. ನಾನೇ ಬರೆದ ನಿಯಮ ನಾನೇ ಮುರಿದೆ. ಬಿಳಿ ದಾರದ ಒಂದು ಕಟ್ಟಿನಲ್ಲಿ ಅವಳ ತಾಯಿಯ ಹೆಸರು ಸಿಕ್ಕಿತು. ಹಾಳೆಯ ಮೇಲೆ ಕಣ್ಣೂ ಆಡಿಸದೆ ಕೊಟ್ಟುಬಿಟ್ಟೆ. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅದಕ್ಕೇ ನಾನು ಹಸಿದಿದ್ದೆ, ಸುಳ್ಳು ಯಾಕೆ ಹೇಳಲಿ.

ಅವಳು ಓದುತ್ತಾ ಓದುತ್ತಾ ಬಿಳಿಚಿಕೊಂಡಳು. ತಂಗಿ ತನ್ನ ಪಾಲಿನ ಗದ್ದೆ ಕಿತ್ತುಕೊಂಡು, ಹಸುಗೂಸಿನ ಸಮೇತ ತನ್ನನ್ನು ತವರಿನಿಂದ ಹೊರದೂಡಿದ್ದಾಳೆ ಎಂದು ತಾಯಿ ದೂರು ಬರೆಸಿದ್ದಳು. ಆ ತಂಗಿಯೇ ಈ ಹೆಂಗಸನ್ನು ಸಾಕಿದ ಚಿಕ್ಕಮ್ಮ. ಅವಳು ಮೊಬೈಲಿನಲ್ಲಿ ಹಾಳೆಯ ಫೋಟೋ ತೆಗೆದುಕೊಂಡು ಹೊರಟುಹೋದಳು. ನಾನು ತಡೆಯದೆ, ಕಟ್ಟಿಗೆ ಮತ್ತೆ ಬಿಳಿ ದಾರ ಸುತ್ತಿ ಟ್ರಂಕಿಗೆ ಬೀಗ ಹಾಕಿದೆ.

ಹತ್ತು ದಿನ ಬಿಟ್ಟು ಚಿಕ್ಕಮ್ಮನೇ ಬಂದಳು. ಸೊರಗಿದ ಮುದುಕಿ, ಬಾಗಿಲಿಗೆ ಒರಗಿ ನಿಂತು ಕೇಳಿದಳು: “ನಾ ಸಾಕಿದ್ ಮಗ್ಳು ನನ್ ಕೂಡೆ ಮಾತು ಬುಟ್ಟವ್ಳೆ. ನಾ ಬೇಯ್ಸಿದ್ದ ಉಣ್ಣಕ್ಕಿಲ್ಲ. ಆ ಕಾಗ್ದ ತೋರ್ಸಿದ್ದು ಯಾರವ್ವ?”

ಮದ್ದೂರಿನವಳಿಗೆ ಏನೂ ಗೊತ್ತಿರಲಿಲ್ಲ. ಮುದುಕಿಯನ್ನು ಕೂರಿಸಿ, ವಿಷಯ ತಿಳಿದುಕೊಂಡು, ನನ್ನತ್ತ ತಿರುಗಿ ಒಂದೇ ಪ್ರಶ್ನೆ ಕೇಳಿದಳು: “ಯಾವ ದಾರ ಅಕ್ಕ?”

“ಬಿಳಿ.”

ಆಗ ಅವಳು ಹೇಳಿದಳು: ಸಾಹೇಬರು ಕಚೇರಿಗೆ ಹೋದ ಅರ್ಜಿಗಳನ್ನು ಕೆಂಪು ದಾರದಲ್ಲಿ ಕಟ್ಟುತ್ತಿದ್ದರಂತೆ. ಸಿಟ್ಟಿನಲ್ಲಿ ಬರೆಸಿ, ಆಮೇಲೆ ‘ಬ್ಯಾಡ ಬುಡಿ ಸಾಹೇಬ್ರೆ’ ಎಂದವರ ಮೂಲ ಪ್ರತಿಯನ್ನು ಅವರೆದುರೇ ಹರಿದುಹಾಕಿ, ಕಾರ್ಬನ್ ಪ್ರತಿಯನ್ನು ಮಾತ್ರ ಬಿಳಿ ದಾರದಲ್ಲಿ ಕಟ್ಟಿಡುತ್ತಿದ್ದರು. ಮುಂದಿನ ವರ್ಷ ಅದೇ ಜಗಳ ಬಂದರೆ ಮತ್ತೆ ಯೋಚಿಸಿ ಬರೆಯುವ ಶ್ರಮ ಉಳಿಯಲಿ ಅಂತ. ಇದನ್ನೇ ಅವಳು ನಾನು ತೆರೆದೂ ನೋಡದಿದ್ದ ಆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದು. ಆ ತಾಯಿ ದೂರು ಕೊಟ್ಟೇ ಇರಲಿಲ್ಲ.

“ಅವತ್ತು ಸಂಜೀಕೇ ನಮ್ಮಕ್ಕ ಬಂದು ನನ್ ತಬ್ಕೊಂಡು ಅತ್ಲು ಕಣವ್ವ” ಎಂದಳು ಮುದುಕಿ. ಮತ್ತೆ ಕೇಳಿದಳು, “ಯಾರು ತೋರ್ಸಿದ್ದು?”

ಇವಳು ಬಾಯಿ ತೆರೆದಳು. ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾಳೆ ಎಂದು ನನಗೆ ಗೊತ್ತಾಯಿತು. ಅದೂ ಅವಳ ಪಾಲಿಗೇ ಹೋಗುವುದನ್ನು ನನ್ನ ಕೈಲಿ ಸಹಿಸಲಾಗಲಿಲ್ಲ. “ನಾನೇ ಕಣಮ್ಮ” ಎಂದುಬಿಟ್ಟೆ. ನಿಜ ಹೇಳಿದ್ದು ಒಳ್ಳೆಯತನದಿಂದಲ್ಲ, ಹೊಟ್ಟೆಕಿಚ್ಚಿನಿಂದ.

“ಅಂಗಾರೆ ನೀನೇ ಬಂದು ನನ್ ಮಗೀಗೆ ಯೋಳು” ಎಂದು ಮುದುಕಿ ಎದ್ದಳು.

ಅವಳ ಜೊತೆಯೇ ಕೆರಗೋಡಿನ ಬಸ್ಸು ಹತ್ತಿದೆ. ಅವಳು ಸಾಕಿದ ಆ ಹೆಂಗಸು ಅಂಗಳದಲ್ಲೇ ನನ್ನನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಕೇಳಿ, “ಅವತ್ತು ಓದ್ದೆ ಕೊಟ್ರಿ, ಇವತ್ತು ಇಂಗಂತೀರಿ. ನಾ ಎಂಗೆ ನಂಬ್ಲಿ? ಆ ಮದ್ದೂರು ಮೇಡಮ್ನೋರು ಯೋಳ್ಲಿ, ನಂಬ್ತೀನಿ” ಎಂದಳು.

ನನ್ನ ಫೋನಿನಿಂದಲೇ ಮದ್ದೂರಿನವಳಿಗೆ ಮಾಡಿ, ಈ ಹೆಂಗಸಿನ ಕೈಗೆ ಕೊಟ್ಟೆ. ಸಿಗ್ನಲ್ ಬಂದು ಹೋಗುತ್ತಿತ್ತು. ಸಿಗುವ ಕಡೆಗೆ, ಕೊಟ್ಟಿಗೆಯ ಮೂಲೆಗೆ, ಇವಳ ತೋಳು ಹಿಡಿದು ನಾನೇ ಕರೆದುಕೊಂಡು ಹೋದೆ. ಮುದುಕಿ ಜಗಲಿಯಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಆಚೆ ಕಡೆ ಆ ಧ್ವನಿ ನಿಧಾನವಾಗಿ ದಾರದ ವಿಷಯ ಹೇಳುತ್ತಿತ್ತು, ಈಚೆ ಕಡೆ ಇವಳು ‘ಊ’ ‘ಊ’ ಅನ್ನುತ್ತಿದ್ದಳು. ನಾನು ಆ ಧ್ವನಿಯನ್ನು ಆಗಲೂ ದ್ವೇಷಿಸುತ್ತಲೇ, ಇವಳು ಅದನ್ನು ನಂಬಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಾ ನಿಂತಿದ್ದೆ.