ಕಡಲ ತೊಟ್ಟಿಯೂ ಸುಣ್ಣದ ಡಬ್ಬಿಯೂ

ನಮ್ಮ ಮನೆಯಲ್ಲಿ ಸುಣ್ಣ ಇರಕೂಡದು ಎಂದು ಕಾನೂನು ಮಾಡಿದವಳು ನಾನೇ. ನನ್ನ ಯಜಮಾನರಿಗೆ ಹುಣಸೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಮದುವೆಯಾದಾಗಿನಿಂದ ನೋಡಿದ್ದೇನೆ, ಕೈ ತಂತಿ ಸುತ್ತುತ್ತಿದ್ದರೆ ಬಾಯಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಅಗಿಯುತ್ತಿರುತ್ತಿತ್ತು. ಕೊನೆಗೆ ಕೆನ್ನೆಯ ಒಳಗೆ ಬೆಳ್ಳಗೆ ಒಂದು ಮಚ್ಚೆ ಎದ್ದಿತು. ಮೈಸೂರಿನ ಡಾಕ್ಟರು ಸಣ್ಣ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಸದ್ಯಕ್ಕೆ ಹೆದರುವಂಥದ್ದೇನೂ ಇಲ್ಲ, ಇನ್ನು ಹೊಗೆಸೊಪ್ಪು ಬಾಯಿಗೆ ಹೋದರೆ ಮಾತ್ರ ನನ್ನನ್ನು ಕೇಳಬೇಡಿ ಎಂದರು. ಅವತ್ತೇ ಬಂದು ಎಲೆತಟ್ಟೆ, ಅಡಕತ್ತರಿ, ಸುಣ್ಣದ ಡಬ್ಬಿ ಎಲ್ಲವನ್ನೂ ಗಂಟು ಕಟ್ಟಿದೆ. ಅಟ್ಟಕ್ಕೆ ಹಾಕಲಿಲ್ಲ, ಅಟ್ಟದಿಂದ ಇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಪಾತ್ರೆ ಅಂಗಡಿಗೆ ಕೊಟ್ಟುಬಂದೆ.

ಬಿಡು ಅನ್ನುವವಳಿಗೇನು, ಬಿಟ್ಟವರಿಗೇ ಗೊತ್ತು ಅದರ ಪಾಡು. ನನ್ನ ತವರು ಅಂತರಸಂತೆ. ಅಲ್ಲಿ ಊಟವಾದ ಮೇಲೆ ಎಲೆತಟ್ಟೆ ಮುಟ್ಟದೆ ಎದ್ದರೆ ಮನೆಯವರ ಮೇಲೆ ಮುನಿಸಿಕೊಂಡ ಹಾಗೆ. ಇವರು ಬಿಟ್ಟ ಮೇಲೆ ಒಮ್ಮೆ ಅಲ್ಲಿಗೆ ಹೋದಾಗ ನನ್ನ ತಮ್ಮ ತಟ್ಟೆ ತಂದಿಟ್ಟ. ಇವರು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತುಬಿಟ್ಟರು.

"ಯಾಕ್ ಭಾವ, ನಮ್ಮಿಂದೇನಾರ ತಪ್ಪಾಯ್ತಾ?" ಅಂದ ಅವನು.

ನಾನೇ ಒಂದು ಎಲೆ ತೆಗೆದು ಸೆರಗಿಗೆ ಕಟ್ಟಿಕೊಂಡು ಸಂಬಂಧ ಉಳಿಸಿದೆ. ಬಸ್ಸಿನಲ್ಲಿ ಬರುವಾಗ ಇವರ ಕಣ್ಣು ನನ್ನ ಸೆರಗಿನ ಗಂಟಿನ ಮೇಲೇ ಇತ್ತು. ಹೆಗ್ಗಡದೇವನಕೋಟೆ ಬರುವ ಮೊದಲೇ ಅದನ್ನು ಕಿಟಕಿಯಿಂದ ಆಚೆ ಎಸೆದೆ.

ಬಾಯಿಯ ಕೆಲಸ ತಪ್ಪಿದ್ದಕ್ಕೆ ಕೈಗೊಂದು ಕೆಲಸ ಬೇಕಾಯಿತೋ ಏನೋ, ಮಾಯುತ್ತಾ ಬಂದ ಮಚ್ಚೆಯನ್ನು ಡಾಕ್ಟರಿಗೆ ಮತ್ತೆ ತೋರಿಸಲು ಹೋದಾಗ ಮೈಸೂರಿನ ಒಂದು ಮೀನಿನ ಅಂಗಡಿ ಹೊಕ್ಕರು. ಸಮುದ್ರ ನೋಡಬೇಕಾದರೆ ಘಾಟಿ ಇಳಿದು ಕಣ್ಣೂರಿಗೆ ಹೋಗಬೇಕಾದ ಊರು ನಮ್ಮದು. ಅಂಥಾದ್ದರಲ್ಲಿ ಸಮುದ್ರವೇ ನಮ್ಮ ನಡುಮನೆಗೆ ಬಂತು: ಗಾಜಿನ ತೊಟ್ಟಿ, ಒಣಗಿದ ಬಿಳಿ ಕಲ್ಲುಗಳು, ಉಪ್ಪಿನ ಚೀಲ. ಆಮೇಲೆ ಕಿತ್ತಳೆ ಬಣ್ಣದ ಎರಡು ಮೀನು, ಅಣಬೆಯ ಹಾಗೆ ಅರಳುವ ಒಂದಿಷ್ಟು ಮೆತ್ತನೆ ಹವಳ. ನಮ್ಮ ಬೋರ್‌ವೆಲ್ ನೀರು ಗಡುಸು, ಅದು ತೊಟ್ಟಿಗೆ ಆಗುವುದಿಲ್ಲವಂತೆ. ನನ್ನ ಬೇಳೆ ಬೇಯದಿದ್ದರೂ ಅದೇ ನೀರು, ಮೀನಿಗೆ ಮಾತ್ರ ಫಿಲ್ಟರ್ ನೀರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವುದು ಇದಕ್ಕೇ. ಆದರೂ ಎಲೆಗಿಂತ ಮೀನು ವಾಸಿ ಎಂದುಕೊಂಡೆ.

ಬೆಳಿಗ್ಗೆ ಎದ್ದರೆ ದೇವರಿಗೆ ಕೈ ಮುಗಿಯುವ ಮೊದಲು ತೊಟ್ಟಿಯ ನೀರಿನ ಪರೀಕ್ಷೆ. ಸಣ್ಣ ಗಾಜಿನ ನಳಿಕೆಗೆ ನೀರು ತುಂಬಿ ಔಷಧಿಯನ್ನು ಹನಿಹನಿಯಾಗಿ ಬಿಡುವರು. ನೀಲಿಯಾದ ನೀರು ಹಳದಿಗೆ ತಿರುಗಲು ಎಷ್ಟು ಹನಿ ಬೇಕಾಯಿತೋ ಅದು ಅವತ್ತಿನ ಲೆಕ್ಕ. ಅದಕ್ಕೆ ಅವರು ಆಲ್ಕಲಿನಿಟಿ ಅನ್ನುತ್ತಿದ್ದರು. ಹಾಗಂದರೇನು ಎಂದರೆ, "ನೀರಿನ ತಾಳ್ಮೆ ಅನ್ಕೊ. ಅದು ಕಮ್ಮಿಯಾದ್ರೆ ನೀರು ಚಿಕ್ಕುದ್ಕೂ ಕೆಡ್ತದೆ" ಅಂದರು. ಅದೊಂದು ಈ ಮನೆಯಲ್ಲಿ ನನಗಲ್ಲದೆ ಬೇರೆಯವರಿಗೂ ಇದೆಯಲ್ಲ ಅಂದೆ.

ಮೊದಮೊದಲು ಲೆಕ್ಕ ನಿಂತಲ್ಲೇ ನಿಂತಿತ್ತು. ಮಕ್ಕಳು ಪಾಸಾದ ದಿನದ ಖುಷಿ ಅವರ ಮುಖದಲ್ಲಿ. ಆಮೇಲೆ ಒಂದು ದಿನ ಇಳಿಯಿತು. ಮಾರನೇ ದಿನ ಇನ್ನಷ್ಟು ಇಳಿಯಿತು. ಉಪ್ಪು ಸರಿಯಿದೆ, ಮೀನು ಸರಿಯಿವೆ, ಇದೊಂದು ಮಾತ್ರ ಯಾಕೆ ಇಳಿಯುತ್ತಿದೆ ಎಂದು ಗೊತ್ತಾಗದೆ ಅವರು ಅನ್ನ ಬಿಟ್ಟರು. ಹವಳಗಳೂ ಮುದುಡಿಕೊಂಡವು. ಆ ದಿನಗಳಲ್ಲೇ ನಾನು ಗಮನಿಸಿದ್ದು, ಇವರು ತೊಟ್ಟಿಯ ಮುಂದೆ ಕೂತು ಬರಿಬಾಯಿ ಮೆಲ್ಲುತ್ತಿದ್ದರು. ಮೀನು ಹವಳ ಏನಾದರೂ ಆಗಲಿ, ಈ ತೊಟ್ಟಿ ಕೆಟ್ಟರೆ ಇವರು ಮತ್ತೆ ಎಲೆಗೆ ಬೀಳುತ್ತಾರೆ, ಆ ಮಚ್ಚೆ ಮತ್ತೆ ಏಳುತ್ತದೆ ಅನ್ನುವುದೊಂದೇ ನನ್ನ ಭಯ.

ಕೆಲವು ದಿನ ಬಿಟ್ಟು ಇವರು ತಾವಾಗಿ ಗೆಲುವಾದರು. ಹಾಡು ಗುನುಗಿದರು. ಏನೋ ಸರಿಹೋಯಿತು ಎಂದುಕೊಂಡು ನಾನೂ ನೆಮ್ಮದಿಯಾಗಿ ಕಸ ಗುಡಿಸುತ್ತಾ ಉಪ್ಪಿನ ಚೀಲ ಸರಿಸಿದೆ. ಹಿಂದೆ ಒಂದು ಡಬ್ಬಿ. ತೆರೆದರೆ ಬೆಳ್ಳನೆ ಸುಣ್ಣ, ಅರ್ಧ ಖಾಲಿ.

ಡಬ್ಬಿ ಮುಚ್ಚಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬಯ್ದುಕೊಂಡು ಅಂಗಿಯ ಜೇಬುಗಳನ್ನು ಜಾಲಾಡಿದೆ, ಕಾಲರ್ ಮೂಸಿದೆ. ಎಲೆಯ ತೊಟ್ಟೂ ಸಿಗಲಿಲ್ಲ. ಸಿಗದಿದ್ದರೆ ಅಂಗಡಿಯಲ್ಲಿ ಇಟ್ಟಿರುತ್ತಾರೆ, ಸುಣ್ಣವನ್ನು ಮತ್ತೇನು ಪಾಯಸಕ್ಕೆ ಹಾಕುತ್ತಾರಾ? ಮಧ್ಯಾಹ್ನ ಊಟಕ್ಕೆ ಬಂದು ಕೂತರು. ತಟ್ಟೆಗೆ ಮುದ್ದೆ ಹಾಕಲಿಲ್ಲ. ಡಬ್ಬಿ ಇಟ್ಟೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ನೋಡಿದರು.

"ಏನ್ರೀ ಇದು?"

"ಸುಣ್ಣ ಕಣೇ."

"ಅದು ನಂಗೂ ಕಾಣ್ತದೆ. ಯಾರಿಗೆ?"

"ತೊಟ್ಟಿಗೆ."

ನನಗೆ ಮೈಯೆಲ್ಲ ಉರಿಯಿತು. ಅವರು ಎದ್ದು ನನ್ನ ರಟ್ಟೆ ಹಿಡಿದು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು.

"ಕಲ್ಲು ನೋಡು. ತಂದಾಗ ಎಂಗಿತ್ತು?"

ಬೆಳ್ಳಗಿದ್ದ ಕಲ್ಲುಗಳ ಮೇಲೆ ಗುಲಾಬಿ ಬಣ್ಣದ ತೆಳ್ಳನೆಯ ಹಕ್ಕಳೆ ಹರಡಿತ್ತು. ದಿನಾ ಗಾಜು ಒರೆಸುವ ನಾನು ಕಂಡೇ ಇರಲಿಲ್ಲ.

"ಇದು ಜೀವ ಇರೋದು ಕಣೇ, ಒಂಥರಾ ಪಾಚಿ. ಬೆಳ್ಯಕ್ಕೆ ನೀರಲ್ಲಿರೋ ಆಲ್ಕಲಿನಿಟೀನೂ ಸುಣ್ಣದಂಶಾನೂ ತಿಂತದೆ. ಅದ್ಕೇ ಲೆಕ್ಕ ಇಳೀತಿದ್ದುದ್ದು. ಕಾಯ್ಲೆ ಅಲ್ವಂತೆ, ಅಸಿವಂತೆ. ಮೈಸೂರಿನ ಅಂಗಡಿಯೋರೇ ಫೋನಲ್ಲಿ ಏಳುದ್ರು. ಏನೂ ಬೆರೆಸ್ದಿರೋ ಸುಣ್ಣಾನ ನೀರಲ್ಲಿ ಕಲಸಿ, ಮ್ಯಾಲಿನ ತಿಳಿ ಮಾತ್ರ ಹನಿಹನಿ ಬುಡಿ ಅಂದ್ರು."

ತೊಟ್ಟಿಗೆ ಇಳಿಬಿಟ್ಟಿದ್ದ, ಆಸ್ಪತ್ರೆಯಲ್ಲಿ ಹಾಕುವಂಥ ಗ್ಲೂಕೋಸ್ ನಳಿಕೆ ತೋರಿಸಿದರು. ಆವಿಯಾಗಿ ಹೋದ ನೀರಿನ ಬದಲಿಗೆ ಬರಿ ನೀರು ಬಿಡುತ್ತಿದ್ದಾರೆ ಅಂದುಕೊಂಡಿದ್ದೆ ನಾನು. ಕೆಳಗೆ ಹವಳಗಳು ಮತ್ತೆ ಅರಳಿಕೊಂಡು ತೂಗುತ್ತಿದ್ದವು.

ನಂಬಿದೆ. ನಂಬಿದರೂ ಮೊಬೈಲಿನ ಟಾರ್ಚ್ ಹಾಕಿ, "ಬಾಯಿ ತೆಗೀರಿ" ಅಂದೆ. ತೆಗೆದರು. ಕೆನ್ನೆ ಕೆಂಪಗೆ ನುಣ್ಣಗಿತ್ತು, ಬೆಳಗಿನ ಈರುಳ್ಳಿ ದೋಸೆಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ನಗಬೇಕು ಎಂದುಕೊಂಡವಳಿಗೆ ಅಳು ಬಂತು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಚೆನ್ನಾಗಿ ಬಯ್ದೆ.

"ಮುಚ್ಚಿಟ್ಟಿದ್ಯಾಕೆ ಮತ್ತೆ? ನಂಗೆ ಒಂದ್ ಮಾತು ಏಳಿದ್ರೆ ಆಗ್ತಿರ್ನಿಲ್ವಾ?"

ಅವರು ಬಲಗೈಯ ತೋರುಬೆರಳನ್ನು ನೋಡಿಕೊಂಡರು.

"ಮೊದಲ್ನೇ ದಿನ ಬೆರಳಲ್ಲೇ ತಗದೆ ಕಣೇ. ತಗದ್ ಕೂಡ್ಲೇ ಬೆರಳು ತಾನಾಗೇ ಎಡಗೈ ಕಡೀಕೆ ಓಯ್ತು, ಎಲೆಗೆ ಸವರಕ್ಕೆ. ನೋಡುದ್ರೆ ಅಂಗೈ ಖಾಲಿ." ಬೆರಳನ್ನು ಅಂಗಿಗೆ ಒರೆಸಿಕೊಂಡು, "ಭಯ ಆಯ್ತು. ನಿಂಗ್ ಏಳಕ್ಕೂ ಭಯ ಆಯ್ತು" ಅಂದರು.

ನಾನು ಡಬ್ಬಿ ಪಕ್ಕಕ್ಕಿಟ್ಟು ತಟ್ಟೆ ತೊಳೆದು ಮುದ್ದೆ ಹಾಕಿ ಸಾರು ಬಿಟ್ಟೆ.

"ನಾಳೆಯಿಂದ ಸುಣ್ಣ ನಾನು ಕಲಸ್ತೀನಿ. ನೀವು ಮುಟ್ಟೋದೇ ಬ್ಯಾಡ."

ಆ ತೊಟ್ಟಿಯ ನೀರಿಗೆ ನನ್ನ ಬೆರಳು ತಾಕಲೂ ಬಿಡದವರು, "ಆಗ್ಲಿ ಕಣೇ" ಎಂದು ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದರು. ಆಮೇಲೆ ಹೋಗಿ ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತರು.