ನಾನೊಬ್ಬಳೇ ಉಳಿದ ಮಧ್ಯಾಹ್ನ

ಆಗಿನ ಬೇಸಿಗೆಗಳೆಂದರೆ ದೆಹಲಿಯ ಮಯೂರ್ ವಿಹಾರದ ಮಕ್ಕಳಾದ ನಮಗೆ ಕೂಲರಿನ ಒದ್ದೆ ಹುಲ್ಲಿನ ವಾಸನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಸಂಜೆ ಫ್ಲಾಟುಗಳ ನಡುವೆ ಲಗೋರಿ. ನನಗೆ ಒಂಬತ್ತು ತುಂಬಿದ ಬೇಸಿಗೆ ಮಾತ್ರ ನೆನಪಾಗುವುದು ಹೆದರಿಕೆಯಿಂದ.

ಆ ವರ್ಷ ಅಪ್ಪ ನಮ್ಮ ಹಳೆಯ ಚರ್ಚ್ ಬಿಟ್ಟು ನೋಯ್ಡಾದ ಒಂದು ಪ್ರಾರ್ಥನಾ ಕೂಟಕ್ಕೆ ನಮ್ಮನ್ನು ಕರೆದೊಯ್ಯತೊಡಗಿದ್ದರು. ಅಲ್ಲಿನ ಬೋಧಕರು ಭಾನುವಾರಗಳಂದು ಹೇಳುತ್ತಿದ್ದುದು ಒಂದೇ. ಯೇಸು ಯಾವ ಗಳಿಗೆಯಲ್ಲಾದರೂ ಬರುತ್ತಾನೆ, ತನ್ನವರನ್ನು ಮೇಲಕ್ಕೆ ಕರೆದೊಯ್ಯುತ್ತಾನೆ, ಮಿಕ್ಕವರು ಇಲ್ಲೇ ಉಳಿಯುತ್ತಾರೆ. ನಾನು ಯಾವ ಗುಂಪು? ಕೇಳಲು ಧೈರ್ಯವಿರಲಿಲ್ಲ. ಸ್ನಾನ ಮಾಡುವಾಗಲೂ ಒಳಗಿನಿಂದ "ಅಮ್ಮಾ" ಎಂದು ಕೂಗುತ್ತಿದ್ದೆ. ಓಗೊಟ್ಟರೆ ಜೀವ ಬಂದಂತಾಗುತ್ತಿತ್ತು.

ಒಂದು ಮಧ್ಯಾಹ್ನ ಸ್ಕೂಲ್ ಬಸ್ ಇಳಿದಾಗ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ದೆಹಲಿಯವರು ಆಂಧಿ ಎನ್ನುವ ಧೂಳಿನ ಬಿರುಗಾಳಿ. ಗೇಟು ದಾಟುವಷ್ಟರಲ್ಲಿ ಹಗಲೇ ಕತ್ತಲಾಯಿತು. ತರಕಾರಿ ಗಾಡಿ ನಿಂತಿತ್ತು, ಮಾರುವ ಭಯ್ಯಾ ಇರಲಿಲ್ಲ. ಮೂರನೇ ಮಹಡಿಗೆ ಓಡಿದೆ. ನಮ್ಮ ಬಾಗಿಲು ಹಾರುಹೊಡೆದಿತ್ತು. ಅಮ್ಮನ ಚಪ್ಪಲಿ ಅಲ್ಲೇ ಇತ್ತು. ನಮ್ಮೊಡನಿರಲು ಧಾರವಾಡದಿಂದ ಬಂದಿದ್ದ ಅಪ್ಪನ ತಾಯಿ, ನನ್ನಜ್ಜಿಯ ಚಪ್ಪಲಿಯೂ ಇತ್ತು. ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ ಇನ್ನೂ ಆರಿರಲಿಲ್ಲ.

"ಅಮ್ಮಾ!"

ಯಾರೂ ಓಗೊಡಲಿಲ್ಲ. ಎದುರು ಮನೆಗೆ ಬೀಗ. ಅಷ್ಟರಲ್ಲಿ ಕರೆಂಟೂ ಹೋಯಿತು.

ಮುಗಿಯಿತು, ಅವನು ಬಂದು ಹೋಗಿದ್ದಾನೆ ಎಂದುಕೊಂಡೆ. ಊಟದ ಮೇಜಿನ ಕೆಳಗೆ ನುಸುಳಿ ಮೊಣಕಾಲು ತಬ್ಬಿ ಕೂತೆ. ಬಾಯಲ್ಲಿ ಮಣ್ಣಿನ ರುಚಿ. ಏನು ತಪ್ಪಿಗೆ ನನ್ನನ್ನು ಬಿಟ್ಟರೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅದೇ ಎಲ್ಲಕ್ಕಿಂತ ಭಯಂಕರವಾಗಿತ್ತು.

ಎಷ್ಟೋ ಹೊತ್ತಿನ ಮೇಲೆ ಅಮ್ಮ, ಅಜ್ಜಿ ಟೆರೇಸಿನಿಂದ ಬರಿಗಾಲಲ್ಲಿ ಇಳಿದು ಬಂದರು. ಸೆರಗಿನ ತುಂಬ ಒಣಹಾಕಿದ್ದ ಸಂಡಿಗೆ, ತಲೆಯ ತುಂಬ ಧೂಳು. ನಾನು ಅಜ್ಜಿಯ ಕಾಲಿಗೆ ತೆಕ್ಕೆಬಿದ್ದೆ.

"ಅಜ್ಜಿ, ಸಬ್ ಚಲೇ ಗಯೇ ಅನ್ಕೊಂಡೆ. ಯೇಸು ನಿಮ್ಮನ್ನೆಲ್ಲ ಕರ್ಕೊಂಡು ಹೋದ, ನನ್ನ ಬಿಟ್ಟ ಅಂತ..."

ಸಂಡಿಗೆ ನೆಲಕ್ಕೆ ಸುರಿದು ಅಜ್ಜಿ ನನ್ನನ್ನು ಎತ್ತಿಕೊಂಡರು. ಸಂಜೆ ಅಪ್ಪ ಆಫೀಸಿನಿಂದ ಬಂದ ಮೇಲೆ ಅವರನ್ನು ಕೇಳಿದರು.

"ಕೂಸು ಮೇಜಿನ ಬುಡಕ ಕುಂತು ನಡಗಾಕತ್ತಿತ್ತು. ನಾ ನಿನಗ ಇಂಥಾ ದೇವರನ್ನ ಕಲಿಸಿದ್ನೇನು?"

ಅಪ್ಪ ಬೂಟು ಬಿಚ್ಚುತ್ತಿದ್ದವರು ಹಾಗೇ ಕುಳಿತರು. "ನನಗೂ ಅಂಜಿಕಿನ ಅವ್ವಾ," ಎಂದರು. "ಆ ಬೋಧಕರ ಮಾತು ಕೇಳಿದಾಗಿಂದ ಸರಿಯಾಗಿ ನಿದ್ದಿ ಇಲ್ಲ."

ಅಪ್ಪನಿಗೂ ಹೆದರಿಕೆಯಾಗುತ್ತದೆಂದು ನನಗೆ ಅಂದೇ ತಿಳಿದದ್ದು. ಅಜ್ಜಿ ಒಂದು ಕೈ ಅಪ್ಪನ ತಲೆಯ ಮೇಲೆ, ಇನ್ನೊಂದು ನನ್ನ ತಲೆಯ ಮೇಲಿಟ್ಟು ಕಣ್ಣು ಮುಚ್ಚಿ ದೇವರಿಗೆ ಹೇಳಿದರು. "ಯಪ್ಪಾ, ಇವೆರಡೂ ನಿನ್ನ ಕೂಸುಗಳು. ನೀ ಕರದು ತೊಡಿಮ್ಯಾಲ ಕುಂದರಿಸಿಕೊಳ್ಳಾಂವ, ಬಿಟ್ಟು ಹೋಗಾಂವ ಅಲ್ಲ. ಇವಕ್ಕ ಅದನ್ನ ನೀನ ಹೇಳು. ನನ್ನ ಮಾತು ಕೇಳೂದಿಲ್ಲ ಇವು."

ಅಪ್ಪ ಅತ್ತರು. ಮುಂದಿನ ಭಾನುವಾರ ನಾವು ಹಳೆಯ ಚರ್ಚಿಗೆ ಹೋದೆವು. ನನ್ನ ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಮಳೆಗಾಲ ಬರುವ ಹೊತ್ತಿಗೆ ಬಚ್ಚಲಿನಿಂದ ಕೂಗುವುದು ನಿಂತಿತ್ತು.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಈಗ ನಾವು ಮಾನೇಸರ್ ಹತ್ತಿರವಿದ್ದೇವೆ. ನನ್ನ ಮಗಳು ಇಂಗ್ಲಿಷಿನಲ್ಲಿ ಚೆಂದವಾಗಿ, ತಪ್ಪಿಲ್ಲದೆ ಪ್ರಾರ್ಥಿಸುತ್ತಾಳೆ. ನಾನೂ ಹಾಗೆಯೇ. ಅಜ್ಜಿಯಂತೆ ದೇವರನ್ನು ಎದುರಿಗೆ ಕೂರಿಸಿಕೊಂಡು ಜಬರಿಸಿ ಮಾತಾಡುವ ಸಲುಗೆ ಮಾತ್ರ ನಮ್ಮಿಬ್ಬರಿಗೂ ಬರಲಿಲ್ಲ.